ಒಂಟಿ ಸೀನಿನ ಕಚೇರಿ

ನನ್ನ ಮೊದಲ ಮಗಳು ಹುಟ್ಟಿ ಎರಡು ತಿಂಗಳು ಮೀರಿದರೂ ನಾನು ಅವಳ ಮುಖ ನೋಡಿರಲಿಲ್ಲ. ಅದಕ್ಕೆ ಕಾರಣ ನಮ್ಮ ಕಚೇರಿಯ ಹಿರಿಯ ಗುಮಾಸ್ತರ ಮೂಗು. ಈ ಮಾತು ಹೇಳಿದರೆ ಇವತ್ತಿಗೂ ನಮ್ಮ ಮನೆಯಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟುಬಿಡುತ್ತೇನೆ.

ಯುದ್ಧದ ಕಾಲ. ನಾನು ಅರಕಲಗೂಡಿನಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಊರು ನುಗ್ಗೇಹಳ್ಳಿಯ ಕಡೆ, ಹೆಂಡತಿಯ ತವರು ಹೊಳೆನರಸೀಪುರ. ಅವಳನ್ನು ಹೆರಿಗೆಗೆ ಅಲ್ಲಿಗೆ ಕಳಿಸಿ, ಹೋಟೆಲಿನಲ್ಲಿ ಉಂಡುಕೊಂಡು ಒಬ್ಬನೇ ಇದ್ದೆ. ಒಬ್ಬನೇ ಇರುವವನಿಗೆ ಕಚೇರಿಯೇ ಸಂಸಾರ. ನನ್ನ ಆ ಸಂಸಾರ ಹೇಗಿತ್ತೆಂದು ದೇವರಿಗೇ ಗೊತ್ತು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಣ್ಣಪುಟ್ಟದ್ದಕ್ಕೇ ಮೈ ಉರಿಯುವುದು. ದೊಡ್ಡ ಕಷ್ಟ ಬಂದರೆ ಹೇಗೋ ತಡೆದುಕೊಂಡೇನು. ಪಕ್ಕದಲ್ಲಿ ಕೂತವನು ಕಾಫಿಯನ್ನು ಸೊರ್ರೆಂದು ಹೀರಿದರೆ ಅರ್ಧ ದಿನ ಹಾಳು. ಅದಕ್ಕಿಂತ ಹೆಚ್ಚು ಉರಿಯುವುದು, ಆ ಸದ್ದು ಬೇರೆ ಯಾರ ಕಿವಿಗೂ ಬಿದ್ದಿಲ್ಲವೆಂದು ತಿಳಿದಾಗ. ಹಾಗಾದರೆ ಹುಚ್ಚು ನನಗೋ ಅವರಿಗೋ ಎಂಬ ಅನುಮಾನ ಶುರುವಾಗುತ್ತದೆ.

ನನ್ನ ಎಡಗಡೆ ನಕಲು ಬರೆಯುವ ಗುಮಾಸ್ತ ಕೂರುತ್ತಿದ್ದ. ನನ್ನ ವಯಸ್ಸಿನವನೇ, ಒಳ್ಳೆಯವನೇ. ಆದರೆ ಬರೆಯುವುದನ್ನೆಲ್ಲ ಬಾಯಲ್ಲಿ ಹೇಳಿಕೊಂಡೇ ಬರೆಯುತ್ತಿದ್ದ. ಯಾವನೋ ರೈತನ ಎರಡು ಹಲಸಿನ ಮರದ ವ್ಯಾಜ್ಯ ಬೆಳಗ್ಗೆಯಿಂದ ಸಂಜೆಯವರೆಗೆ ನನ್ನ ಕಿವಿಯಲ್ಲಿ ನಡೆಯುತ್ತಿತ್ತು. ಸಾಲದ್ದಕ್ಕೆ ಮುಳ್ಳಿನ ವಿಷಯ ಬೇರೆ. ಯುದ್ಧ ಬಂದಮೇಲೆ ಗುಂಡುಸೂಜಿ ಸಿಗುತ್ತಿರಲಿಲ್ಲ. ಕಾಗದ ಚುಚ್ಚಿಡಲು ಜಾಲಿಮುಳ್ಳು ತರಿಸಿ ತೆಂಗಿನ ಚಿಪ್ಪಿನಲ್ಲಿ ಹಾಕಿಡುತ್ತಿದ್ದರು. ಈ ಮಹಾನುಭಾವ ಊಟವಾದ ಮೇಲೆ ಅದರಲ್ಲಿ ನೆಟ್ಟಗಿರುವುದೊಂದನ್ನು ಆರಿಸಿ ಹಲ್ಲು ಕೆದಕುತ್ತಿದ್ದ. ಕೆದಕಿದ್ದನ್ನು ಎಸೆಯಬಾರದೇ? ಇಲ್ಲ. ಯುದ್ಧಕಾಲದಲ್ಲಿ ಯಾವುದೂ ದಂಡವಾಗಬಾರದು ನೋಡಿ, ಪಂಚೆಗೆ ಒರೆಸಿ ಮತ್ತೆ ಚಿಪ್ಪಿಗೇ ಹಾಕುತ್ತಿದ್ದ. ಆ ಮುಳ್ಳುಗಳೇ ನಮ್ಮ ಕಾಗದಗಳ ಜೊತೆ ಹಾಸನಕ್ಕೆ ಹೋಗಿ ದೊಡ್ಡ ದೊಡ್ಡ ಅಧಿಕಾರಿಗಳ ಬೆರಳಿಗೆ ಚುಚ್ಚುತ್ತಿದ್ದವು. ನಾನು ತಡೆಯಲಾರದೆ ಜವಾನನಿಗೆ ದೂರು ಹೇಳಿದೆ.

"ಮುಳ್ಳು ಚುಚ್ತದೆ ತಾನೆ ಸಾ?" ಎಂದು ಅವನು ನನ್ನನ್ನೇ ಕೇಳಿದ.

ಇವೆಲ್ಲ ಹೋಗಲಿ. ನನ್ನ ಎದುರಿಗೆ ಕೂರುತ್ತಿದ್ದವರು ಹಿರಿಯ ಗುಮಾಸ್ತರು. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತಿತ್ತು. ವ್ಯಾಪಾರದ ಮನೆತನದವರು, ಹಣೆಗೆ ಅಡ್ಡ ವಿಭೂತಿ, ದೊಡ್ಡ ದೇಹ, ಅದಕ್ಕೆ ತಕ್ಕ ಮೂಗು. ಬಲಗೈ ಹತ್ತಿರ ಹಿತ್ತಾಳೆಯ ನಶ್ಯದ ಡಬ್ಬಿ. ಮುಚ್ಚಳವನ್ನು ಬೆರಳಿನಿಂದ ತಟ್ಟಿ, ತೆಗೆದು, ಒಂದು ಚಿಟಿಕೆ ಹಿಡಿದು, ಹೆಂಚಿನ ಕಡೆ ಮುಖವೆತ್ತಿ ಏರಿಸುತ್ತಿದ್ದರು. ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಒಂದು ಸೀನು ಸೀನುತ್ತಿದ್ದರು. ಒಂದೇ ಒಂದು. ಅವರು ಇನ್ನೊಂದು ಸೀನಿದ್ದನ್ನು ನಾನು ಅಲ್ಲಿದ್ದಷ್ಟು ದಿನವೂ ಕೇಳಲಿಲ್ಲ.

ಎರಡು ಸೀನಿದ್ದರೆ ನನಗೆ ಯಾವ ತಕರಾರೂ ಇರಲಿಲ್ಲ. ನಮ್ಮ ಕಡೆ ಒಂಟಿ ಸೀನು ಅಪಶಕುನ. ಹೊರಟವರು ಹಿಂದಕ್ಕೆ ಬಂದು ಕೂರಬೇಕು, ಹಿಡಿದ ಕೆಲಸ ಕೆಳಗಿಡಬೇಕು, ಒಂದು ಗುಟುಕು ನೀರು ಕುಡಿದು ದೇವರನ್ನು ನೆನೆಯಬೇಕು. ಮೇಲೊಂದು ಸೀನು ಬಿದ್ದರೆ ದೋಷ ಕಳೆಯಿತು. ಮನೆಯಲ್ಲಾದರೆ ಇದು ಅಪರೂಪಕ್ಕೆ ಬರುವ ಅಡಚಣೆ. ಇಡೀ ದಿನ ನಶ್ಯ ಏರಿಸುವ ಯಜಮಾನರಿದ್ದ ಕಚೇರಿಯಲ್ಲಿ ಅದರ ಗತಿ ಏನಾಗಬೇಕು?

ಆಗುತ್ತಿದ್ದದ್ದು ಹೀಗೆ. ಸೀನು ಬೀಳುತ್ತಲೇ ಎಲ್ಲ ಲೇಖನಿಗಳೂ ಕೆಳಗೆ. ಮೊಹರು ಒತ್ತಲು ಕೈಯೆತ್ತಿದ ಜವಾನ ಎತ್ತಿದ ಕೈಯನ್ನು ಹಾಗೇ ಇಳಿಸುತ್ತಿದ್ದ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡ ರೈತ ಆ ಹೆಬ್ಬೆಟ್ಟನ್ನು ಗಾಳಿಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಡುತ್ತಿದ್ದ, ಮಸಿ ಒಣಗಿ ಮತ್ತೆ ಹಚ್ಚಬೇಕಾಗುತ್ತಿತ್ತು. ಜವಾನ ಚೊಂಬಿನಲ್ಲಿ ನೀರು ತಂದು ಎಲ್ಲರ ಅಂಗೈಗೂ ಹನಿ ಹನಿ ಬಿಡುತ್ತಿದ್ದ. "ಶಿವಾ" ಎಂದು ಮೊದಲು ಹೇಳುತ್ತಿದ್ದವರು ಯಜಮಾನರೇ. ಎಲ್ಲರೂ ಮತ್ತೆ ಬರೆಯಲು ಶುರುಮಾಡುತ್ತಿದ್ದರು, ಮುಂದಿನ ಚಿಟಿಕೆಯ ತನಕ. ಇದರಲ್ಲಿ ಏನೋ ವಿಶೇಷವಿದೆ ಎಂದು ಒಬ್ಬರಿಗೂ ಅನ್ನಿಸಿರಲಿಲ್ಲ. ನಕಲು ಗುಮಾಸ್ತನನ್ನು ಒಂದು ದಿನ, "ಅಲ್ಲಯ್ಯ, ದಿನಕ್ಕೆ ಎಷ್ಟು ಸಲ ನಿಲ್ಲಿಸೋದು?" ಎಂದು ಕೇಳಿದೆ. ಅವನು ಅಂಗೈ ನೀರು ಕುಡಿಯುತ್ತಲೇ, "ಏನನ್ನ?" ಎಂದ.

ಇಂಥ ಹೊತ್ತಿನಲ್ಲಿ ಹೊಳೆನರಸೀಪುರದಿಂದ ಸುದ್ದಿ ಬಂತು. ಅಲ್ಲಿನ ತೆಂಗಿನಕಾಯಿ ವ್ಯಾಪಾರಿಯೊಬ್ಬ ಅರಕಲಗೂಡಿನ ಸಂತೆಗೆ ವಾರವಾರವೂ ಬರುತ್ತಿದ್ದ, ನಮ್ಮ ಮಾವನವರ ನೆರೆಯವನು. ಕಚೇರಿಯ ಕಿಟಕಿಗೆ ಬಂದು, "ಹೆಣ್ಣು ಮಗ ಕಣಪ್ಪ, ತಾಯಿ ಮಗ ಇಬ್ರೂ ಚೆನ್ನಾಗವ್ರೆ" ಎಂದ. ನನಗೆ ಆದ ಸಂತೋಷ ಹೇಳಲಾರೆ. ಸಕ್ಕರೆ ಸಿಗದೆ ಅಚ್ಚುಬೆಲ್ಲ ತರಿಸಿ ಕಚೇರಿಗೆಲ್ಲ ಹಂಚಿದೆ. ಸಿಟ್ಟು ಮರೆತು ನಕಲು ಗುಮಾಸ್ತನಿಗೆ ಎರಡು ಅಚ್ಚು ಕೊಟ್ಟೆ.

ಹೋಗಬೇಕಾದರೆ ರಜೆ ಬೇಕು. ದವಸ ವಸೂಲಿಯ ಗಲಾಟೆ ಇದ್ದ ಆ ದಿನಗಳಲ್ಲಿ ಸಾಹೇಬರ ಸಹಿ ಇಲ್ಲದೆ ಯಾರೂ ಊರು ಬಿಡುವ ಹಾಗಿರಲಿಲ್ಲ, ಭಾನುವಾರವೂ ಇಲ್ಲ. ಸಾಹೇಬರೋ ಸದಾ ಸುತ್ತಾಟದಲ್ಲಿ. ಕಚೇರಿಯಲ್ಲಿ ಕೂರುತ್ತಿದ್ದದ್ದು ಸಂತೆಯ ದಿನ ಮಾತ್ರ. ಆ ಸಂತೆಯ ದಿನ ಅರ್ಜಿ ಹಿಡಿದು ಅವರ ಮುಂದೆ ನಿಂತೆ. ಅವರು ಓದಿದರು, ನಕ್ಕರು, ಲೇಖನಿಯನ್ನು ಮಸಿಗೆ ಅದ್ದಿದರು. ಹೊರಗಿನ ಕೋಣೆಯಿಂದ ಸೀನು ಬಂತು.

ಸಾಹೇಬರು ಲೇಖನಿ ಕೆಳಗಿಟ್ಟರು. ಕಾದರು. ಎರಡನೆಯದು ಬರಲಿಲ್ಲ.

"ಮಗು ವಿಷಯ, ಈಗ ಬೇಡಪ್ಪ. ಆಮೇಲೆ ನೋಡೋಣ" ಎಂದರು. ಆಮೇಲೆ ಯಾರೋ ಪಟೇಲರು ಬಂದರು, ಸಾಹೇಬರು ಅವರ ಜೊತೆ ಹೊರಟುಹೋದರು, ಮಧ್ಯಾಹ್ನದ ಬಸ್ಸೂ ಹೊರಟುಹೋಯಿತು.

ಮುಂದಿನ ಸಂತೆಗೆ ಹುಷಾರಾಗಿದ್ದೆ. ಯಜಮಾನರು ಕಾಫಿಗೆಂದು ಹೊರಗೆ ಹೋದದ್ದನ್ನು ಕಣ್ಣಾರೆ ನೋಡಿ ಒಳಗೆ ನುಗ್ಗಿದೆ. ಸಾಹೇಬರು ಲೇಖನಿ ಎತ್ತಿದರು. ಯಜಮಾನರು ಕಾಫಿ ಕುಡಿದು ವಾಪಸು ಬರುತ್ತ ಸರಿಯಾಗಿ ಸಾಹೇಬರ ಕಿಟಕಿಯ ಕೆಳಗೆ ನಿಂತು ಸೀನಿದರು. ಸಾಹೇಬರು ನನ್ನನ್ನು ಮರುಕದಿಂದ ನೋಡಿದರು. "ಎರಡನೇ ಸಲ. ನಿನ್ನ ಗ್ರಹಗತಿ ಯಾಕೋ ಸರಿಯಿಲ್ಲ. ಯಾರಿಗಾದರೂ ತೋರಿಸು" ಎಂದರು. ಗ್ರಹ ಕಿಟಕಿಯ ಕೆಳಗೇ ಇದೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಹೀಗೆ ಸಂತೆಯ ಮೇಲೆ ಸಂತೆ ಕಳೆಯಿತು. ಒಂದು ವಾರ ಸಾಹೇಬರು ಬರಲೇ ಇಲ್ಲ, ಬಂದ ವಾರ ಸೀನು ತಪ್ಪಲಿಲ್ಲ. ತೆಂಗಿನಕಾಯಿ ವ್ಯಾಪಾರಿ ಮತ್ತೆ ಕಿಟಕಿಗೆ ಬಂದ. ಈ ಸಲ ಮುಖದಲ್ಲಿ ನಗು ಇರಲಿಲ್ಲ.

"ನಿಮ್ಮತ್ತೆ ಕೇಳ್ತಾವ್ರೆ, ಹೆಣ್ಣು ಅಂತ ಅಳಿಯಂದ್ರು ಮೊಕ ತಿರುಗುಸ್ಕಂಡ್ರಾ ಅಂತ."

"ಅವಳು ಏನಂತಾಳೆ?" ಎಂದೆ.

"ನಿನ್ನ ಹೆಂಡ್ರಾ? ಆಯಮ್ಮ ಏನೂ ಅನ್ನಕಿಲ್ಲ. ಮಗ ಎತ್ಕಂಡು ಒಳಿಕ್ಕೆ ಓಯ್ತದೆ. ಅದೇ ಕಣಪ್ಪ ಬ್ಯಾಸರ."

"ಒಂಟಿ ಸೀನಿನಿಂದ ರಜೆ ಸಿಗ್ತಾ ಇಲ್ಲ ಅಂತ ಹೇಳಣ್ಣ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇದ ನಾನು ಓಗಿ ಏಳ್ಲಾ? ನನ್ನ ಮರ್ವಾದೆ ಏನಾಯ್ತದೆ?" ಎಂದು ಕಾಯಿ ಮೂಟೆಯ ಕಡೆ ನಡೆದ.

ನಮ್ಮಲ್ಲಿ ಹೆಣ್ಣು ಹುಟ್ಟಿದರೆ ಮುಖ ಸಣ್ಣಗೆ ಮಾಡಿಕೊಳ್ಳುವವರು ಕಡಿಮೆಯೇನೂ ಇರಲಿಲ್ಲ. ಒಂದಷ್ಟು ದಿನ ಬಾಣಂತಿಯ ಕಡೆ ತಿರುಗಿಯೂ ನೋಡದೆ ಇದ್ದ ಗಂಡಂದಿರನ್ನು ನಾನೇ ಕಂಡಿದ್ದೆ. ನನ್ನನ್ನೂ ಆ ಸಾಲಿಗೆ ಸೇರಿಸಿದರೆ ಅದರಲ್ಲಿ ಅವಳ ತಪ್ಪೇನು? ಆದರೂ ನೋವಾಯಿತು. ಮುಂದಿನ ವಾರ ವ್ಯಾಪಾರಿ ತಂದ ಮಾತು ಇನ್ನೂ ಖಾರವಾಗಿತ್ತು: ಬರುವ ಸಂತೆಯ ಮಾರನೆಯ ಬೆಳಗ್ಗೆ ನಾಮಕರಣ; ಅಪ್ಪ ಬಂದರೆ ಸರಿ, ಇಲ್ಲವಾದರೆ ಸೋದರಮಾವನೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೆಸರಿಡುತ್ತಾನೆ.

ಅವನು ಅತ್ತ ಹೋಗುತ್ತಿದ್ದಂತೆ ಯಜಮಾನರು ಡಬ್ಬಿಯ ಮುಚ್ಚಳ ತಟ್ಟಿದರು. ನನಗೆ ಎಲ್ಲಿತ್ತೋ ಕೋಪ, ಎದ್ದು ನಿಂತು ಕೂಗಿಬಿಟ್ಟೆ.

"ಯಜಮಾನ್ರೇ, ನಿಮ್ಮ ದಮ್ಮಯ್ಯ, ಇನ್ನು ಸೀನಬೇಡಿ!"

ಅವರು ಚಿಟಿಕೆಯನ್ನು ಹಿಡಿದಲ್ಲೇ ಹಿಡಿದು ನನ್ನನ್ನು ನೋಡಿದರು. "ಯಾರು? ನಾನಾ? ನಾನು ಸೀನ್ತೀನಾ?"

ತಮಾಷೆಯಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಕಲು ಗುಮಾಸ್ತನ ಕಡೆ ತಿರುಗಿ, "ಏನಯ್ಯಾ, ನಾನು ಸೀನ್ತೀನಾ?" ಎಂದು ಕೇಳಿದರು. ಅವನು ಬಹಳ ಯೋಚನೆ ಮಾಡಿ, "ನಾನು ಕೇಳಿದ ಹಾಗಿಲ್ಲ" ಎಂದ. ಜವಾನನನ್ನು ಕರೆದು ಕೇಳಿದರು. ಅವನ ಕೈಯಲ್ಲಿ ಆಗಲೂ ಚೊಂಬು ಇತ್ತು. "ಯಾರೋ ಸೀನ್ತಾರೆ ಸಾ, ಅದು ದಿಟ. ಯಾರು ಅಂತ ನಾನು ನೋಡೋಕೋಗಿಲ್ಲ" ಎಂದ.

"ನಾನೇ ಅಂತ ಇಟ್ಕೊಳ್ಳೋಣ" ಎಂದರು ಯಜಮಾನರು, ಸ್ವಲ್ಪ ಬಿಗುವಾಗಿ. "ನೀನು ಕೂತ ಗಳಿಗೆಯಿಂದ ಏಳೋ ಗಳಿಗೆವರೆಗೂ ಕಾಲು ಅಲ್ಲಾಡಿಸ್ತೀಯ. ನನ್ನ ಮೇಜು ನಡುಗಿ ಅಕ್ಷರ ಸೊಟ್ಟಗಾಗಿ ನಾನು ಬೈಸಿಕೊಂಡಿದ್ದೀನಿ. ಒಂದು ದಿನವಾದ್ರೂ ಬಾಯಿಬಿಟ್ಟಿದ್ದೀನಾ?"

ನಾನು ಕಾಲು ಅಲ್ಲಾಡಿಸುತ್ತೇನೆಂದು ನನಗೆ ಯಾರೂ ಹೇಳಿರಲಿಲ್ಲ. ಹಾಗೇನೂ ಇಲ್ಲವೆಂದು ಈಗಲೂ ನನ್ನ ನಂಬಿಕೆ. ಆದರೆ ವಾದಿಸುವ ಹೊತ್ತು ಅದಲ್ಲ. ರಜೆ, ಸೀನು, ಅತ್ತೆಯ ಮಾತು, ನಾಮಕರಣ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಬಾಡಿತು. ಚಿಟಿಕೆಯನ್ನು ಮತ್ತೆ ಡಬ್ಬಿಗೆ ಹಾಕಿದರು.

"ನನಗೆ ಇರೋರೆಲ್ಲ ಹೆಣ್ಣುಮಕ್ಕಳೇ ಕಣಪ್ಪ" ಎಂದರು. "ಒಂದೊಂದು ಹುಟ್ಟಿದಾಗಲೂ ಊರಿನೋರು ಬಂದು ನನಗೆ ಸಮಾಧಾನ ಹೇಳೋರು. ಮೈ ಉರೀತಿತ್ತು. ಈಗ ನನ್ನ ಮೂಗಿನಿಂದ ಇನ್ನೊಂದು ಹುಡುಗಿ ಅಂಥ ಮಾತು ಕೇಳಬೇಕಾ?" ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ಬರೋ ಸಂತೆ ದಿನ ಬೆಳಗ್ಗೆ ಇದನ್ನ ನಿನ್ನ ಜೇಬಿಗೆ ಹಾಕ್ಕೋ. ಸಹಿ ಬೀಳೋ ತನಕ ನಾನು ಅತ್ತು ಕೇಳಿದರೂ ಕೊಡಬೇಡ."

ಸಂತೆಯ ದಿನ ಬಂತು, ಡಬ್ಬಿ ನನ್ನ ಜೇಬಿಗೆ ಬಂತು. ನಶ್ಯವಿಲ್ಲದ ಯಜಮಾನರನ್ನು ನೋಡಲಾಗುತ್ತಿರಲಿಲ್ಲ. ಕೈ ತಾನಾಗಿ ಮೇಜಿನ ಬಲಗಡೆ ತಡಕಾಡುತ್ತಿತ್ತು, ಆಕಳಿಸುತ್ತಿದ್ದರು, ಕಣ್ಣು ಒರೆಸುತ್ತಿದ್ದರು. ಒಮ್ಮೆ, "ಒಂದು ಚೂರು ವಾಸನೆ ಮಾತ್ರ ತೋರಿಸೋ" ಎಂದು ಬೇಡಿಕೊಂಡರು. ನಾನು ಕಲ್ಲಾದೆ.

ಸಾಹೇಬರು ಕರೆದರು. ಅರ್ಜಿ ಮುಂದಿಟ್ಟೆ. ಅವತ್ತೇ ಅವರಿಗೆ ನಿಧಾನವಾಗಿ ಓದಬೇಕೆನ್ನಿಸಿತೋ ಏನೋ, ಮಗುವಿನ ನಕ್ಷತ್ರ ಯಾವುದು, ಮಾವನವರಿಗೆ ತೋಟವಿದೆಯೇ ಎಂದೆಲ್ಲ ಕೇಳತೊಡಗಿದರು. ಹೊರಗಿನ ಕೋಣೆಯಲ್ಲಿ ಆ ಪುಣ್ಯಾತ್ಮ ನಕಲು ಗುಮಾಸ್ತ, ಬೇರೆ ಗಳಿಗೆ ಸಿಗದೆ, ಹಳೆಯ ಕಡತದ ಕಟ್ಟೊಂದನ್ನು ಬಿಚ್ಚಿ ಯಜಮಾನರ ಮುಖದ ಮುಂದೆ ಕೊಡವಿದ. ಬಾಗಿಲ ಸಂದಿಯಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಯಜಮಾನರ ಬಾಯಿ ತೆರೆಯಿತು. ಕಣ್ಣು ಮೇಲೆ ಹೋಯಿತು. ಎರಡೂ ಕೈಗಳಲ್ಲಿ ಮೂಗು ಹಿಡಿದುಕೊಂಡರು, ಪಂಚೆಯನ್ನೂ ಎತ್ತಿಕಟ್ಟದೆ ಓಡಿದರು. ಮೆಟ್ಟಿಲಿಳಿದು, ಅಂಗಳ ದಾಟಿ, ಕಾಯಿ ರಾಶಿಗಳ ನಡುವೆ ಸಂತೆಯೊಳಗೆ ಮಾಯವಾದರು.

"ಯಜಮಾನ್ರು ಎಲ್ಲಿಗೆ ಓಡಿದ್ರು?" ಎಂದರು ಸಾಹೇಬರು.

"ಅವಸರ ಇರಬೇಕು ಸ್ವಾಮಿ" ಎಂದೆ.

ಅವರು ನಗುತ್ತ ಸಹಿ ಮಾಡಿದರು. ಕೊನೆಯ ಗೀರು ಎಳೆದು ಲೇಖನಿ ಎತ್ತಿದ ಮೇಲೆ, ದೂರದಲ್ಲಿ ಸಂತೆಯ ಗದ್ದಲದ ಮೇಲೆ, ಒಂದು ಸೀನು ಕೇಳಿಸಿತು. ಸಾಹೇಬರು ಕಿವಿಗೊಟ್ಟು, "ಆದ ಮೇಲೆ ಬಿತ್ತು, ಅಡ್ಡಿಯಿಲ್ಲ" ಎಂದರು. ಸಂತೆಯಲ್ಲಿ ಎಷ್ಟು ಜನ ವ್ಯಾಪಾರ ನಿಲ್ಲಿಸಿ ಕೂತರೋ ನನಗೆ ತಿಳಿಯದು. ನಾನು ಚೀಲ ಹಿಡಿದು ಬಸ್ಸಿಗೆ ಓಡಿದೆ.

ಪೆಟ್ರೋಲಿಲ್ಲದ ಕಾಲ, ಬಸ್ಸು ಓಡುತ್ತಿದ್ದದ್ದು ಇದ್ದಲಿನಿಂದ. ಹಿಂದುಗಡೆ ಒಂದು ದೊಡ್ಡ ಒಲೆ, ಅದಕ್ಕೆ ಗಾಳಿ ತಿರುಗಿಸಿ ತಿರುಗಿಸಿ ಕ್ಲೀನರನ ತೋಳು ಬಿದ್ದುಹೋದ ಮೇಲೆ ಇಂಜಿನು ಕೆಮ್ಮುತ್ತ ಎದ್ದಿತು. ಆಗ ಯಜಮಾನರು ಏದುಸಿರು ಬಿಡುತ್ತ ಬಂದರು. ಡಬ್ಬಿ ನನ್ನ ಜೇಬಿನಲ್ಲೇ ಉಳಿದಿತ್ತಲ್ಲ.

"ಸಹಿ ಆಯ್ತಾ? ಆಯ್ತಾ? ಮಗೂಗೆ ನನ್ನ ಆಶೀರ್ವಾದ ಹೇಳು!" ಎಂದು ಕಿಟಕಿಯೊಳಗೆ ಕೈ ಚಾಚಿದರು. ಒಲೆಯ ಹೊಗೆ ಒಮ್ಮೆ ಅವರ ಮುಖಕ್ಕೆ ಅಡರಿತು. ಸೀನಿದರು.

ಡ್ರೈವರ್ ಇಂಜಿನು ಆರಿಸಿಬಿಟ್ಟ. "ಒಂಟಿ ಸೀನು. ಎಲ್ರೂ ಇಳೀರಿ. ನಾನು ಬಂಡಿ ಬುಡಾಕಿಲ್ಲ."

ಜನ ಒಂದು ಮಾತೂ ಆಡದೆ, ಗಂಟುಮೂಟೆ ಸಮೇತ ಇಳಿದರು. ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. ಇವತ್ತು ತಪ್ಪಿದರೆ ನಾಳೆ ಮಧ್ಯಾಹ್ನದ ತನಕ ಬಸ್ಸಿಲ್ಲ. ಬೆಳಗ್ಗೆ ನನ್ನ ಮಗಳು ಸೋದರಮಾವನ ತೊಡೆಯ ಮೇಲೆ. "ಇನ್ನೊಂದು ಸೀನಿದರೆ ಹೊರಡ್ತೀಯಾ?" ಎಂದೆ. "ಅದ್ಯಾಕೆ ಒರಡಾಕಿಲ್ಲ?" ಎಂದ.

ಬಸ್ಸಿನ ಜನವೆಲ್ಲ ಯಜಮಾನರನ್ನು ಸುತ್ತಿಕೊಂಡರು. ಅವರು ಸೂರ್ಯನನ್ನು ನೋಡಿದರು, ಮೂಗಿಗೆ ಹುಲ್ಲುಕಡ್ಡಿ ಹಾಕಿಕೊಂಡರು, ಚಿಟಿಕೆಯ ಮೇಲೆ ಚಿಟಿಕೆ ಏರಿಸಿದರು. ಆ ಮೂಗು ಜನ್ಮದಲ್ಲಿ ಎರಡನೆಯದನ್ನು ಸೀನಿದ್ದರೆ ತಾನೇ? ಕೊನೆಗೆ ಅವರ ಕಣ್ಣಲ್ಲಿ ನೀರು ಬಂತು. "ಆಗ್ತಾ ಇಲ್ಲ ಕಣಪ್ಪ" ಎಂದರು. ಅಷ್ಟು ದೊಡ್ಡ ಮನುಷ್ಯ ಆ ಮಾತು ಹೇಳಿದ್ದು ನೋಡಿ, ಅವರ ಮೇಲೆ ನನಗಿದ್ದ ಕೋಪ ಪೂರ್ತಿ ಹೋಯಿತು.

"ಒಂಟಿ ಸೀನಿದೋರೇ ಇನ್ನೊಂದ ಸೀನ್ಬೇಕಾ? ಊರಿಗೆ ಒರಟೋರು ಸೀನುದ್ರೂ ಆಯ್ತದೆ" ಎಂದಳು ಸೊಪ್ಪಿನ ಬುಟ್ಟಿಯ ಮುದುಕಿಯೊಬ್ಬಳು. ಸ್ವಲ್ಪ ಚರ್ಚೆ ನಡೆಯಿತು. ಡ್ರೈವರ್ ತಲೆ ತೂಗಿ ಒಪ್ಪಿದ. ನಾನು ಅದುವರೆಗೆ ನಶ್ಯ ಮುಟ್ಟಿದವನಲ್ಲ. ಡಬ್ಬಿಗೆ ಬೆರಳಿಟ್ಟು ಸಿಕ್ಕಷ್ಟನ್ನೂ ತೆಗೆದು ಎಳೆದುಬಿಟ್ಟೆ.

ತಲೆ ಸಿಡಿದುಹೋಯಿತೆಂದುಕೊಂಡೆ. ಸೀನು ಬಂತು, ಹಿಂದೆಯೇ ಇನ್ನೊಂದು, ಮತ್ತೊಂದು. ನಿಲ್ಲಲೇ ಇಲ್ಲ. ಜನ ಗಾಬರಿಯಾಗಿ ಲೆಕ್ಕ ಹಾಕತೊಡಗಿದರು. ಯಜಮಾನರದ್ದನ್ನೂ ಸೇರಿಸಿ, "ಜೋಡಿ! ಅಯ್ಯೋ, ಒಂಟಿ! ಜೋಡಿ! ಥೂ, ಮತ್ತೆ ಒಂಟಿ!" ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ಒಂದು ಜೋಡಿಗೆ ಸರಿಯಾಗಿ ಡ್ರೈವರ್, "ಸಾಕು, ಮೂಗು ಇಡ್ಕಳ್ರಲಾ!" ಎಂದು ಅರಚಿದ. ಇಬ್ಬರು ಗಟ್ಟಿಗರು ನನ್ನ ಮೂಗನ್ನು ಹಿಡಿದು ಎತ್ತಿ ಒಳಗೆ ಹಾಕಿದರು. ಬಸ್ಸು ಊರು ದಾಟುವವರೆಗೆ ಬಿಡಲಿಲ್ಲ. ನಾನು ಬಾಯಲ್ಲಿ ಉಸಿರಾಡುತ್ತ ಯಜಮಾನರಿಗೆ ಕೈ ಬೀಸಿದೆ. ಅವರು ಎರಡೂ ಕೈ ಎತ್ತಿ ಹರಸುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಮಾವನವರ ಮನೆ ಮುಟ್ಟಿದೆ. ಕಣ್ಣು ಕೆಂಡ, ಮೂಗು ಊದಿ ಬದನೆಕಾಯಿ, ಮುಖವೆಲ್ಲ ಇದ್ದಲ ಮಸಿ. ಅತ್ತೆ ಬಾಗಿಲಲ್ಲಿ ನೋಡಿ, "ಬನ್ನಿ" ಎಂದಷ್ಟೇ ಹೇಳಿ ಕಾಲಿಗೆ ನೀರು ಕೊಟ್ಟರು. ಹೆಂಡತಿ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ನನ್ನ ಕಣ್ಣನ್ನೇ ನೋಡಿದಳು.

"ಹೆಣ್ಣು ಅಂತ ದಾರಿಯುದ್ದಕ್ಕೂ ಅತ್ಕೊಂಡು ಬಂದ್ರಾ?" ಎಂದಳು.

"ಅಳಲಿಲ್ಲ ಕಣೇ. ಇದು ನಶ್ಯ."

"ಆವಾಗ ಸೀನು. ಈಗ ನಶ್ಯ." ಹಾಗಾದರೆ ಆ ವ್ಯಾಪಾರಿ ಮರ್ಯಾದೆ ಬಿಟ್ಟು ಹೇಳಿಯೇಬಿಟ್ಟಿದ್ದ. "ಎರಡು ತಿಂಗಳಲ್ಲಿ ಬೇರೆ ಏನೂ ಸಿಗಲಿಲ್ವಾ ನಿಮಗೆ?"

ನನ್ನ ಬಳಿ ಇದ್ದದ್ದು ಅದೇ ನಿಜ, ಅದು ನಗೆಪಾಟಲು. ಅವಳ ಮುಂದೆ ಕೂತು ಕೈ ಚಾಚಿದೆ. ಅವಳು ಒಂದು ಗಳಿಗೆ ತಡೆದು ಮಗುವನ್ನು ಕೊಟ್ಟಳು. ಎಚ್ಚರವಾಗಿಯೇ ಇತ್ತು. ನನ್ನ ಊದಿದ ಮೂಗನ್ನು ಬಹಳ ಹೊತ್ತು ನೋಡಿ ಕಾಲು ಝಾಡಿಸಿತು. ಅದರ ಹಿಮ್ಮಡಿ ನನ್ನ ಹೆಬ್ಬೆರಳಿಗಿಂತ ಚಿಕ್ಕದಿತ್ತು. ನಾನು ಏನೇನೋ ಮಾತಾಡಿದೆನಂತೆ, ನನಗೆ ನೆನಪಿಲ್ಲ.

"ಕೊಡಿ ಇಲ್ಲಿ, ಹಾಲು ಕುಡಿಸಬೇಕು" ಎಂದಳು.

"ಇರು, ಇನ್ನೊಂದು ಚೂರು."

ಅತ್ತೆ ಬಂದು ಊಟಕ್ಕೆ ಎಬ್ಬಿಸಿದರು. ಆಮೇಲೆ ಬರುತ್ತೇನೆಂದೆ. ಮಾವನವರು ಬಂದು ಮಾತಾಡಿಸಿದರು. ಏನು ಉತ್ತರ ಕೊಟ್ಟೆನೋ, ಅವರು ಎದ್ದು ಹೋದರು. ಹೆಂಡತಿ ಮತ್ತೆ ಕೈ ಚಾಚಿದಳು. ನಾನು ಮಗುವನ್ನು ಎದೆಗೊತ್ತಿಕೊಂಡು ಆ ಕಡೆ ತಿರುಗಿ ಕೂತೆ.

ಆಮೇಲೆ ಅವಳು ಎದ್ದು ಬಂದು ಪಕ್ಕದಲ್ಲಿ ಕೂತಳು.

"ಕತ್ತಿನ ಕೆಳಗೆ ಕೈ ಕೊಡಿ. ಹಾಗಲ್ಲ, ಹೀಗೆ" ಎಂದು ನನ್ನ ಕೈ ಹಿಡಿದು ಸರಿಮಾಡಿದಳು. ಮಗು ಹಸಿದು ಅಳುವ ತನಕ ಮತ್ತೆ ಕೇಳಲಿಲ್ಲ.